ತಟ್ಟಿ ನೋಡುವುದು

ಕೊಡಿಯಾಲಬೈಲಿನ ಬ್ಯಾಂಕಿನ ಮೂರನೇ ಮಾಳಿಗೆಯಲ್ಲಿ
ಹದಿನೆಂಟು ಡಿಗ್ರಿಯ ಚಳಿ.
ಹೊರಗೆ ಮೇ ತಿಂಗಳ ಬೆವರು,
ಒಳಗೆ ನಾನು, ಸ್ವೆಟರ್ ಹಾಕಿಕೊಂಡು,
ಇನ್ನೂರ ನಲವತ್ತು ಡಿಸ್ಕುಗಳ ಕಾವಲಿಗೆ.

ಕಾವಲೆಂದರೆ ದೊಡ್ಡದೇನಲ್ಲ.
ಒಂದು ಪರದೆ, ಪರದೆಯ ತುಂಬ ಗೆರೆಗಳು.
ಕೇಳಿದ್ದಕ್ಕೆ ಡಿಸ್ಕು ಎಷ್ಟು ಹೊತ್ತಿಗೆ ಓಗೊಟ್ಟಿತು
ಅನ್ನುವ ಲೆಕ್ಕ, ಸೆಕೆಂಡನ್ನು ಸಾವಿರ ಹೋಳು ಮಾಡಿ.
ನಾಲ್ಕು ಹೋಳು, ಐದು ಹೋಳು: ಹಸಿರು.
ಇಪ್ಪತ್ತು ದಾಟಿದರೆ ಹಳದಿ.
ಕೆಂಪು ಬಂದರೆ ಪ್ರಭು ಸಾರಿಗೆ ಫೋನು,
ಅವರ ಹೆಂಡತಿ ಎತ್ತಿ
"ಪುನಃ ನೀನಾ ಹರಿಣಾಕ್ಷಿ" ಅನ್ನುವುದು.

ಈ ತಿಂಗಳು ಕೆಂಪು ಬರಲಿಲ್ಲ.
ದೂರು ಮಾತ್ರ ಬಂತು, ಉಳ್ಳಾಲದ ಶಾಖೆಯಿಂದ.
ಪಾಸ್‌ಬುಕ್ಕು ಅಚ್ಚಾಗುವಷ್ಟರಲ್ಲಿ
ಬೀಡಿ ಕಟ್ಟುವ ಬೀಫಾತಿಮರ ಬಸ್ಸು ಹೋಗಿ,
ಕೌಂಟರಿನ ಗಾಜಿಗೆ ಬಡಿದರಂತೆ:
"ನನ್ನ ದುಡ್ಡು ಹುಡುಕಲಿಕ್ಕೆ
ನಿಮಗೆ ಇಷ್ಟು ಹೊತ್ತು ಬೇಕಾ?"

ಗೆರೆ ನೋಡಿದೆ. ಹಸಿರು.
ಸರಾಸರಿ ಏಳು.
ಹಾಗೆಯೇ ಬರೆದು ಸಹಿ ಹಾಕಿದೆ.
ಸರಾಸರಿ ಒಳ್ಳೆಯ ಮನುಷ್ಯ,
ಯಾರ ಮೇಲೂ ಬೆರಳು ತೋರಿಸುವುದಿಲ್ಲ.

ಅಳಿವೆ ಬಾಗಿಲಲ್ಲಿ, ಇಳಿತದ ಹೊತ್ತಿಗೆ,
ಮುಂದಿನ ಬೋಟು ಮರಳಿಗೆ ತಾಗಿ ಕೂತರೆ
ಹಿಂದಿನ ಮೂವತ್ತಕ್ಕೂ ಅದೇ ಗತಿ.
ಐಸು ಕರಗುತ್ತದೆ, ಬಂಗುಡೆ ಮೆತ್ತಗಾಗುತ್ತದೆ,
ಯಾರೋ ಯಾರಿಗೋ ತುಳುವಿನಲ್ಲಿ ಬೈಯುತ್ತಾರೆ.
ಸಂಜೆ ದಕ್ಕೆಯ ಪುಸ್ತಕದಲ್ಲಿ
ಬಂದ ಬೋಟು ಇಷ್ಟು, ಇಳಿದ ಮೀನು ಇಷ್ಟು.
ನಿಂತ ಹೊತ್ತಿಗೆ ಕಾಲಮ್ಮೇ ಇಲ್ಲ.

ಗುರುವಾರ ರಾತ್ರಿ ಎರಡು ಗಂಟೆಗೆ
ಹಗಲಿನ ದಾಖಲೆ ಮಗುಚುತ್ತಿದ್ದಾಗ
ಅಮ್ಮನ ಬೆರಳು ನೆನಪಾಯಿತು.

ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಹಂಚು ತಟ್ಟಿದವಳು ಕಲ್ಯಾಣಿ ಪೂಜಾರ್ತಿ.
ಆವಿಗೆಯಿಂದ ಬಂದದ್ದನ್ನು ಎಡಗೈಯಲ್ಲಿ ಎತ್ತಿ
ಬಲಗೈಯ ನಡುಬೆರಳ ಗೆಣ್ಣಿನಿಂದ ಒಂದೇ ಏಟು.
ಟಣ್ ಅಂದರೆ ಒಂದನೇ ನಂಬ್ರ.
ಟಪ್ ಅಂದರೆ ಆಚೆಗೆ.
ಕಣ್ಣಿಗೆ ಎರಡೂ ಒಂದೇ ಕೆಂಪು.
ರಾಶಿಗೊಂದು ಏಟು ಕೊಟ್ಟರೆ ಸಾಲದಾ ಅಮ್ಮ,
ಅಂತ ನಾನು ಸಣ್ಣವಳಿದ್ದಾಗ ಕೇಳಿದ್ದೆ.
"ರಾಶಿ ಯಾವಾಗಲೂ ಟಣ್ ಅನ್ನುತ್ತದೆ ಮಗಾ.
ಒಡಕು ಹಂಚು ಕೂಡ
ಮಳೆ ಬರುವವರೆಗೆ ಹಂಚೇ."

ಸರಾಸರಿಯ ಗೆರೆ ಅಳಿಸಿದೆ.
ಒಂದೊಂದೇ ಡಿಸ್ಕು ತೆರೆದೆ, ಒಂದೊಂದೇ,
ನಡುವೆ ಎದ್ದು ಚಹಾ ಕುಡಿದು ಬಂದೆ.

ನೂರ ಹದಿನೇಳು.

ಸತ್ತಿರಲಿಲ್ಲ ಅದು.
ಸತ್ತಿದ್ದರೆ ಅಲಾರಾಂ ಹೊಡೆಯುತ್ತಿತ್ತು,
ಅಕ್ಕಪಕ್ಕದವು ಅದರ ಹೊರೆ ಎತ್ತಿಕೊಳ್ಳುತ್ತಿದ್ದವು.
ಓದುತ್ತಿತ್ತು, ತಪ್ಪುತ್ತಿತ್ತು,
ತಿರುಗಿ ಓದುತ್ತಿತ್ತು, ಇನ್ನೊಮ್ಮೆ,
ಕೊನೆಗೆ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು
ಒಂಬೈನೂರು ಹೋಳು ತಡವಾಗಿ,
ಹಸಿರು ದೀಪ ಹಚ್ಚಿಕೊಂಡೇ.
ಅದರ ಜೊತೆಯ ಏಳು ಡಿಸ್ಕುಗಳು
ತಮ್ಮ ಪಾಲು ಮುಗಿಸಿ, ಕೈ ಕಟ್ಟಿ ನಿಂತಿದ್ದವು.

ಕಂಪೆನಿಯ ಐವನ್ ಕ್ರಾಸ್ತಾ ನಿದ್ದೆಗಣ್ಣಲ್ಲಿ ಹೇಳಿದ:
"ಫೇಲ್ ಆಗದ್ದನ್ನು ವಾರಂಟಿಯಲ್ಲಿ ಕೊಡಲಿಕ್ಕಾಗುವುದಿಲ್ಲ ಮೇಡಂ.
ಸಾಯಲಿ, ಆಮೇಲೆ ನೋಡುವ."

ಫೋನಿಟ್ಟು, ಬದಲಿ ಡಿಸ್ಕು ತಯಾರುಂಟಾ ನೋಡಿ,
ಅದು ಸತ್ತಿತೆಂದು ನಾನೇ ಬರೆದೆ.
ಯಂತ್ರ ಒಮ್ಮೆ ಕೇಳಿತು: ಖಚಿತವೇ?
ಹೌದು.

ಬೆಳಗ್ಗೆ ಕಳಚಿ ಕೈಯಲ್ಲಿ ಹಿಡಿದಾಗ
ಜ್ವರ ಬಂದ ಮಗುವಿನ ಅಂಗೈಯಷ್ಟು ಬಿಸಿ.
ಹೊರಗೆ ಒಯ್ಯುವಂತಿಲ್ಲ, ನಿಯಮ ಉಂಟು,
ಡ್ರಿಲ್ಲಿನಲ್ಲಿ ತೂತು ಕೊರೆದೇ ಎಸೆಯಬೇಕು.
ಅದಕ್ಕೆ ಮೊದಲು, ಯಾರೂ ಇಲ್ಲದ್ದು ನೋಡಿ,
ನಡುಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದೆ.

ಟಣ್ಣೂ ಅಲ್ಲ, ಟಪ್ಪೂ ಅಲ್ಲ.
ಇಷ್ಟು ಫ್ಯಾನುಗಳ ನಡುವೆ ಏನು ಕೇಳುತ್ತದೆ.

ಉಳ್ಳಾಲದಿಂದ ಮತ್ತೆ ಫೋನು ಬರಲಿಲ್ಲ.
ಸರಿಯಾಯಿತೆಂದು ಹೇಳಲಿಕ್ಕೆ
ಯಾರೂ ಫೋನು ಮಾಡುವುದಿಲ್ಲ.

ಕಪಾಟಿನಲ್ಲಿ ಮೂರು ವಾರದ ವರದಿಗಳಿವೆ,
ದಿನಕ್ಕೊಂದು ಹಾಳೆ.
ಎಲ್ಲದರಲ್ಲೂ ಸರಾಸರಿ ಏಳು, ಕೆಳಗೆ ನನ್ನ ಸಹಿ.
ಒಂದೂ ಸುಳ್ಳಲ್ಲ.